ಸಾಕುಮಕ್ಕಳು ಕಟ್ಟಿದ ನಾಡಪದ್ಯಗಳು

ನಮ್ಮ ಮನೆಮಾತು ತೆಲುಗು. ಮುಳಬಾಗಿಲಿನಿಂದ ಪೂರ್ವಕ್ಕೆ, ಆಂಧ್ರದ ಗಡಿ ಕೂಗಳತೆಯಲ್ಲಿರುವ ಒಂದು ಹಳ್ಳಿಯಲ್ಲಿ ನಾನು ಹುಟ್ಟಿದೆ. ಅವ್ವ, ಅಂದರೆ ನಮ್ಮ ಕಡೆಯ ತೆಲುಗು ಮನೆಗಳಲ್ಲಿ ಅಜ್ಜಿ, ಹೇಳಿದ ಕಥೆಗಳೆಲ್ಲ ತೆಲುಗಿನವು. ಶಾಲೆಯಲ್ಲಿ ಮೇಷ್ಟ್ರು ಬಾಯಿಪಾಠ ಮಾಡಿಸಿದ ಪದ್ಯಗಳೆಲ್ಲ ಕನ್ನಡದವು. ಸಂತೆಗೆ ಹೋದರೆ ತಮಿಳೂ ಉರ್ದುವೂ ಕಿವಿಗೆ ಬೀಳುತ್ತಿದ್ದವು. ಇವುಗಳಲ್ಲಿ ನನ್ನ ಭಾಷೆ ಯಾವುದು ಎಂಬ ಪ್ರಶ್ನೆ ಚಿಕ್ಕಂದಿನಲ್ಲಿ ಎಂದೂ ಎದುರಾಗಲಿಲ್ಲ. ಅಳುವುದಕ್ಕೆ ಒಂದು, ಓದುವುದಕ್ಕೆ ಒಂದು, ವ್ಯಾಪಾರಕ್ಕೆ ಮತ್ತೊಂದು ಎಂಬುದು ಕೋಲಾರ ಸೀಮೆಯ ಎಷ್ಟೋ ಮಕ್ಕಳಿಗೆ ಸಹಜವಾದ ಬದುಕು. ಆ ಪ್ರಶ್ನೆ ನನ್ನನ್ನು ಗಂಭೀರವಾಗಿ ಕಾಡಿದ್ದು ನಿವೃತ್ತಿಯ ನಂತರ, ಅದೂ ಆಸ್ಟ್ರೇಲಿಯಾದ ಒಂದು ಸುನೀತವನ್ನು, ಅಂದರೆ ಹದಿನಾಲ್ಕು ಸಾಲಿನ ಪದ್ಯವನ್ನು, ಓದುತ್ತಿದ್ದಾಗ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವನು. ನಮ್ಮ ಸಂವಿಧಾನದ ಸಮವರ್ತಿ ಪಟ್ಟಿಯ, ಅಂದರೆ ಕೇಂದ್ರ ರಾಜ್ಯಗಳೆರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯ, ಕಲ್ಪನೆ ಆಸ್ಟ್ರೇಲಿಯಾದ ಸಂವಿಧಾನದಿಂದ ಬಂದದ್ದು ಎಂಬ ಒಂದು ಸಾಲನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ, ಮಕ್ಕಳು ಅದನ್ನು ಒಂದು ಅಂಕದ ಪ್ರಶ್ನೆಗೆಂದು ಕಲಿತಿದ್ದಾರೆ. ಆ ದೇಶ ಹೇಗೆ ಒಂದಾಯಿತು ಎಂದು ಯಾರೂ ಕೇಳಲಿಲ್ಲ, ನಾನೂ ಹುಡುಕಲಿಲ್ಲ. ನನ್ನ ತಮ್ಮನ ಮಗಳು ನರ್ಸ್ ಕೆಲಸಕ್ಕೆಂದು ವಿಕ್ಟೋರಿಯಾ ರಾಜ್ಯದ ಬೆಂಡಿಗೋ ಎಂಬ ಊರಿಗೆ ಹೋದಳು. ಅದು 1851ರಲ್ಲಿ ಚಿನ್ನ ಸಿಕ್ಕಿ ಬೆಳೆದ ಊರು, ಹಳೆಯ ಗಣಿಗಳನ್ನು ನೋಡಿದರೆ ನಮ್ಮ ಕೆ.ಜಿ.ಎಫ್. ನೆನಪಾಗುತ್ತದೆ ಎಂದು ಅವಳು ಫೋನಿನಲ್ಲಿ ಹೇಳಿದಾಗ ಅಲ್ಲಿಯ ಚರಿತ್ರೆಯನ್ನು ಓದುವ ಆಸೆ ಹುಟ್ಟಿತು. ಓದುತ್ತ ಹೋದಂತೆ ಗಣಿಗಳಿಗಿಂತ ಹೆಚ್ಚಾಗಿ ಪದ್ಯಗಳೇ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು ದೇಶ ಇನ್ನೂ ಹುಟ್ಟುವ ಮೊದಲೇ ಅದನ್ನು ಕುರಿತು ಇಷ್ಟು ಪದ್ಯಗಳು ಹುಟ್ಟಿದ್ದವೆಂಬುದು ನನಗೆ ತಿಳಿದಿರಲಿಲ್ಲ.

1901ಕ್ಕೆ ಮೊದಲು ಆಸ್ಟ್ರೇಲಿಯಾ ಎಂಬುದು ಒಂದು ಭೂಖಂಡದ ಹೆಸರಾಗಿತ್ತೇ ಹೊರತು ಒಂದು ದೇಶದ ಹೆಸರಾಗಿರಲಿಲ್ಲ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್, ಸೌತ್ ಆಸ್ಟ್ರೇಲಿಯಾ, ವೆಸ್ಟರ್ನ್ ಆಸ್ಟ್ರೇಲಿಯಾ, ಟಾಸ್ಮೇನಿಯಾ ಎಂಬ ಆರು ಬ್ರಿಟಿಷ್ ವಸಾಹತುಗಳು ಅಲ್ಲಿದ್ದವು. ಒಂದೊಂದಕ್ಕೂ ತನ್ನದೇ ಶಾಸನಸಭೆ, ತನ್ನದೇ ಸುಂಕ. ವಿಕ್ಟೋರಿಯಾಕ್ಕೂ ನ್ಯೂ ಸೌತ್ ವೇಲ್ಸಿಗೂ ಗಡಿಯಾದ ಮರ್ರೇ ನದಿಯನ್ನು ದಾಟುವ ಸರಕಿಗೆ ದಡದಲ್ಲಿ ಸುಂಕದಕಟ್ಟೆ. ರೈಲು ಹಳಿಗಳ ಅಗಲವೂ ಬೇರೆ ಬೇರೆ: ವಿಕ್ಟೋರಿಯಾದಲ್ಲಿ 5 ಅಡಿ 3 ಅಂಗುಲ, ನ್ಯೂ ಸೌತ್ ವೇಲ್ಸ್‌ನಲ್ಲಿ 4 ಅಡಿ 8.5 ಅಂಗುಲ, ಕ್ವೀನ್ಸ್‌ಲ್ಯಾಂಡಿನಲ್ಲಿ 3 ಅಡಿ 6 ಅಂಗುಲ. ಮೆಲ್ಬರ್ನಿನಿಂದ ಸಿಡ್ನಿಗೆ ಹೋಗುವವರು ಗಡಿಯ ಆಲ್ಬರಿ ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತುಕೊಂಡು ಗಾಡಿ ಬದಲಾಯಿಸಬೇಕಾಗಿತ್ತು, ಮತ್ತು ಈ ತೊಂದರೆ ಪೂರ್ತಿಯಾಗಿ ನೀಗಿದ್ದು 1962ರಲ್ಲಿ, ದೇಶ ಒಂದಾಗಿ ಅರವತ್ತು ವರ್ಷ ಕಳೆದ ಮೇಲೆ. ಬಂಗಾರಪೇಟೆಯಲ್ಲಿ ದೊಡ್ಡ ಗಾಡಿಯಿಂದ ಇಳಿದು ಕೋಲಾರದ ಪುಟ್ಟ ರೈಲು ಹತ್ತುತ್ತಿದ್ದ ನಮ್ಮ ಕಾಲದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾನೂನಿನಲ್ಲಿ ಒಂದಾಗಿಬಿಡುವುದು ಒಂದು ದಿನದ ಕೆಲಸ, ಹಳಿಯ ಮೇಲೆ ಒಂದಾಗುವುದಕ್ಕೆ ತಲೆಮಾರುಗಳೇ ಬೇಕಾಗುತ್ತವೆ.

ಕಾನೂನಿಗಿಂತಲೂ ಮೊದಲು ಪದ್ಯದಲ್ಲಿ ಒಂದಾದ ಬಗೆಯನ್ನು ನೋಡಬೇಕಾದರೆ 1877ರಷ್ಟು ಹಿಂದಕ್ಕೆ ಹೋಗಬೇಕು. ಜೇಮ್ಸ್ ಬ್ರಂಟನ್ ಸ್ಟೀಫನ್ಸ್ ಎಂಬ ಕವಿ ಆ ವರ್ಷ ಬರಲಿರುವ ಆಸ್ಟ್ರೇಲಿಯಾವನ್ನು ಕುರಿತು ಒಂದು ಭವಿಷ್ಯವಾಣಿಯ ಪದ್ಯ ಬರೆದನು. ಅದರ ಮೊದಲ ಮಾತೇ "ಅವಳು ಇನ್ನೂ ಇಲ್ಲ" ಎಂಬುದು. ಇಲ್ಲದವಳನ್ನು ಕುರಿತು ಹಾಡುವ ಧೈರ್ಯ ನನಗೆ ತುಂಬ ಹಿಡಿಸಿತು. ಇನ್ನೂ ಹೆಚ್ಚು ಹಿಡಿಸಿದ್ದು ಆ ಪದ್ಯದಲ್ಲಿ ಮುಂದೆ ಬರುವ ಒಂದು ಚಿತ್ರ: ನಮ್ಮ ಒಳಿತು ಕೆಡುಕುಗಳ ಅಡಿಯಲ್ಲಿ, ಕಣ್ಣಿಗೆ ಕಾಣದಂತೆ, ಎಲ್ಲರಿಗೂ ಸಮಾನವಾದ ಸಂಕಲ್ಪದ ಒಂದು ಹೊಳೆ ಹರಿಯುತ್ತಿದೆ, ವಿವೇಕದ ಕರೆ ಕೇಳಿದ ದಿನ ಅದು ಕತ್ತಲಿನಿಂದ ಮೇಲಕ್ಕೆ ಚಿಮ್ಮಿ ನಮ್ಮ ಬರಡು ಹೊಲಗಳನ್ನು ಹೂವಿನಿಂದ ಮುಚ್ಚುತ್ತದೆ ಎಂದು ಅವನು ಬರೆಯುತ್ತಾನೆ. ನದಿಯೊಂದು ವರ್ಷವಿಡೀ ಹರಿಯುವುದನ್ನು ಕಾಣದ ಜಿಲ್ಲೆ ನಮ್ಮದು. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಕೊಳವೆಬಾವಿ ಸಾವಿರ ಅಡಿ ದಾಟಿದ್ದನ್ನು ಕಂಡವರು ನಾವು. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಇಲ್ಲವೇ ಕವಲುಕಡ್ಡಿ ಹಿಡಿದುಕೊಂಡು ಹೊಲದ ಉದ್ದಕ್ಕೂ ನಡೆಯುವ ನೀರು ನೋಡುವವನ ಹಿಂದೆ ಇಡೀ ಮನೆಯವರು ಉಸಿರು ಬಿಗಿಹಿಡಿದು ಹೆಜ್ಜೆ ಹಾಕುವುದನ್ನು ನಾನು ಬಲ್ಲೆ. ಕವಿ ಅಂಥದೇ ಕೆಲಸಕ್ಕೆ ಇಳಿದಿದ್ದಾನೆ ಎಂದು ನನಗೆ ತೋರಿತು. ನೆಲದ ಮೇಲೆ ಸುಂಕದಕಟ್ಟೆಗಳಿವೆ, ಅವನು ನೆಲದ ಕೆಳಗೆ ಕಿವಿಗೊಡುತ್ತಿದ್ದಾನೆ.

ನನ್ನನ್ನು ಕಾಡಿದ ಸುನೀತ ವಿಲಿಯಂ ಗೇ ಎಂಬವನದು. 1865ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಇವನು ಕ್ಷಯರೋಗಿ. ಒಣಹವೆಯನ್ನರಸಿ ದಕ್ಷಿಣಕ್ಕೆ ಬಂದವನು ಕೊನೆಗೆ ಬೆಂಡಿಗೋದಲ್ಲಿ ಹಾಸಿಗೆ ಹಿಡಿದನು. ಮಲಗಿದಲ್ಲಿಂದಲೇ ಬರೆಯುತ್ತಿದ್ದನು. ಆಸ್ಟ್ರೇಲಿಯಾದ ಒಕ್ಕೂಟವನ್ನು ಕುರಿತ ಅವನ ಸುನೀತದ ಮೊದಲ ಅಷ್ಟಕವನ್ನು ಗದ್ಯದಲ್ಲಿ ಹೀಗೆ ಹೇಳಬಹುದು: ನಮ್ಮ ನಾಡು ಎಲ್ಲ ವಿಭಜನೆಗಳಿಂದ ಬಿಡುಗಡೆ ಹೊಂದಲಿ, ಏಕೆಂದರೆ ದೇವರು ಅವಳನ್ನು ಒಂದಾಗಿಯೇ ಮಾಡಿದ್ದಾನೆ, ಮುರಿಯದ ಆಕಾಶದ ಬಳೆಯೊಳಗೆ ಅವಳು ಪೂರ್ಣಳಾಗಿ ಮಲಗಿದ್ದಾಳೆ, ಅವಳ ಒಂದೇ ತೀರಕ್ಕೆ ಒಂದೇ ಕಡಲು ಸುತ್ತಲೂ ಬಂದು ಬಡಿಯುತ್ತಿದೆ, ಒಂದೇ ನೆತ್ತರಿನ, ಒಂದೇ ಸಾಹಸದ ಕಥೆಯ ಪವಿತ್ರ ಬಂಧಗಳಲ್ಲಿ ಕಟ್ಟುಗೊಂಡ ನಾವು, ಅವಳ ಸಾಕುಮಕ್ಕಳು, ನಾವೊಬ್ಬರೇ ಅವಳ ಅಖಂಡತೆಯನ್ನು ಕಡೆಗಣಿಸಿ ಕುಳಿತಿದ್ದೇವೆ.

ಈ ಎಂಟು ಸಾಲುಗಳಲ್ಲಿ ಹೊಗಳಿಕೆಗಿಂತ ಗದರಿಕೆ ಹೆಚ್ಚಾಗಿದೆ. ಆಕಾಶ ತನ್ನ ಕೆಲಸ ಮಾಡಿದೆ, ಕಡಲು ತನ್ನ ಕೆಲಸ ಮಾಡಿದೆ, ಕರ್ತವ್ಯ ತಪ್ಪಿದವರು ಮನುಷ್ಯರು ಮಾತ್ರ. ಒಂದಾಗುವುದನ್ನು ಕುರಿತ ನೂರಾರು ಪದ್ಯಗಳು ನಾಡನ್ನು ದೇವತೆಯಾಗಿ ಸಿಂಹಾಸನದ ಮೇಲೆ ಕೂರಿಸಿ, ಉಷಃಕಾಲವನ್ನು ಕರೆತಂದು, ಕೀರ್ತಿಪತಾಕೆ ಹಾರಿಸಿ ಮುಗಿಯುತ್ತವೆ. ಗೇ ಬರೆದ ಪದ್ಯ ಓದುಗನನ್ನು ಹೊಣೆಗಾರನನ್ನಾಗಿ ಮಾಡುತ್ತದೆ. ಅದಕ್ಕಾಗಿಯೇ ಅದು ಸಭೆಯಲ್ಲಿ ಕೆಲಸಕ್ಕೆ ಬಂದಿತು ಎಂದು ನನ್ನ ನಂಬಿಕೆ.

ಆ ಸಭೆಯ ಕಥೆಯನ್ನೂ ಹೇಳಬೇಕು. ಗೇ 1897ರ ಡಿಸೆಂಬರಿನಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ ತೀರಿಕೊಂಡನು. ಮೂರು ತಿಂಗಳ ತರುವಾಯ, 1898ರ ಮಾರ್ಚಿಯಲ್ಲಿ, ಅದೇ ಬೆಂಡಿಗೋದ ಒಂದು ಔತಣಕೂಟದಲ್ಲಿ ಆಲ್‌ಫ್ರೆಡ್ ಡೀಕಿನ್ ಮಾತನಾಡಲು ಎದ್ದು ನಿಂತನು. ಮುಂದೆ ಆಸ್ಟ್ರೇಲಿಯಾದ ಎರಡನೆಯ ಪ್ರಧಾನಿಯಾಗಲಿದ್ದ ಡೀಕಿನ್ ಯೌವನದಲ್ಲಿ ಪದ್ಯನಾಟಕ ಬರೆದವನು. ಭಾರತಕ್ಕೆ ಬಂದು ಇಲ್ಲಿಯ ಕಾಲುವೆ ಅಣೆಕಟ್ಟುಗಳನ್ನು ನೋಡಿ ನಮ್ಮ ನೀರಾವರಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದವನು. ಒಕ್ಕೂಟದ ಸಂವಿಧಾನದ ಕರಡು ಜನರ ಮತಕ್ಕೆ ಹೋಗಲಿತ್ತು, ವಿಕ್ಟೋರಿಯಾದ ರಾಜಕಾರಣಿಗಳು ಹಿಂದೆಮುಂದೆ ನೋಡುತ್ತಿದ್ದರು, ಪ್ರಬಲ ಪತ್ರಿಕೆಗಳು ಒಲವು ತೋರಿಸುತ್ತಿರಲಿಲ್ಲ. ಡೀಕಿನ್ ತನ್ನ ಭಾಷಣವನ್ನು ಮುಗಿಸಿದ್ದು ನಿಮ್ಮ ಊರಿನಲ್ಲಿಯೇ ಈಚೆಗೆ ತೀರಿಹೋದ ತರುಣ ಕವಿಯೆಂದು ಗೇಯನ್ನು ನೆನೆದು, ಅವನ ಸುನೀತದ ಸಾಲುಗಳನ್ನು ಹೇಳಿ. ಆ ಸಭೆಯಿಂದ ವಿಕ್ಟೋರಿಯಾದ ಗಾಳಿ ತಿರುಗಿತು ಎಂದು ಚರಿತ್ರಕಾರರು ಗುರುತಿಸುತ್ತಾರೆ. ಮಲಗಿದಲ್ಲಿಂದ ಏಳಲಾಗದ ಒಬ್ಬ ರೋಗಿಯ ಮಾತು ಅವನು ಸತ್ತ ಮೇಲೆ ಎದ್ದು ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಎಲ್ಲ ಕಡೆಯೂ ಹೀಗಾಗಲಿಲ್ಲ. ಅದೇ ವರ್ಷದ ಜೂನಿನಲ್ಲಿ ಜನಮತ ನಡೆದಾಗ ಅತ್ಯಂತ ಹಳೆಯ ವಸಾಹತಾದ ನ್ಯೂ ಸೌತ್ ವೇಲ್ಸ್‌ನಲ್ಲಿ 71,595 ಮಂದಿ ಒಕ್ಕೂಟ ಬೇಕೆಂದರು, 66,228 ಮಂದಿ ಬೇಡವೆಂದರು. ಬಹುಮತವೇನೋ ಬಂದಿತು, ಆದರೆ ಒಕ್ಕೂಟದ ಪರವಾಗಿ ಕನಿಷ್ಠ 80,000 ಮತ ಬೀಳಬೇಕೆಂಬ ನಿಯಮವನ್ನು ಅಲ್ಲಿಯ ಶಾಸನಸಭೆ ಮೊದಲೇ ಹಾಕಿಟ್ಟಿತ್ತಾದ್ದರಿಂದ ಅದು ಸೋಲೆಂದೇ ಎಣಿಕೆಯಾಯಿತು. ಮರುವರ್ಷ ಮತ್ತೆ ಮತ ಹಾಕಿ ಗೆಲ್ಲಬೇಕಾಯಿತು. ವೆಸ್ಟರ್ನ್ ಆಸ್ಟ್ರೇಲಿಯಾವಂತೂ 1900ರ ಜುಲೈ ಕೊನೆಯವರೆಗೂ ಕಾದು ಕಟ್ಟಕಡೆಗೆ ಒಳಬಂದಿತು. ತಾನು ಹಳಬ, ತಾನು ಸ್ಥಿತಿವಂತ, ಇತರರೊಡನೆ ಸೇರಿದರೆ ನನ್ನ ಗಂಟು ಕರಗುತ್ತದೆ ಎಂಬ ಭಯ ದೊಡ್ಡ ಮನೆಗಳಲ್ಲಿ ಯಾವಾಗಲೂ ಇರುತ್ತದೆ. ಇದನ್ನು ಓದುವಾಗ ನಮ್ಮ ಹಳೆಯ ಮೈಸೂರು ನೆನಪಿಗೆ ಬಾರದೆ ಹೋಗಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

1901ರ ಜನವರಿ 1ರಂದು ಸಿಡ್ನಿಯ ಸೆಂಟೆನಿಯಲ್ ಪಾರ್ಕಿನಲ್ಲಿ ಒಕ್ಕೂಟ ಉದ್ಘಾಟನೆಯಾಯಿತು. ಆ ದಿನಕ್ಕೆಂದು ಸರಕಾರ ಸ್ಪರ್ಧೆ ಏರ್ಪಡಿಸಿ ಬಹುಮಾನ ಕೊಟ್ಟ ಪ್ರಗಾಥವೂ, ಅಂದರೆ ಸಂಬೋಧಿಸಿ ಹೊಗಳುವ ಕವಿತೆಯೂ, ಇದೆ. ಅದನ್ನು ಗೌರವದಿಂದ ಓದಿದೆ, ನನ್ನಲ್ಲಿ ಅದು ಉಳಿಯಲಿಲ್ಲ.

ಈಗ ಗೇ ಬರೆದ ಪದ್ಯದ ಇನ್ನೊಂದು ಮಾತಿಗೆ ಬರಬೇಕು. "ಒಂದೇ ನೆತ್ತರು" ಎಂಬ ಮಾತಿನ ಹಿಂದೆ ಒಂದು ಪ್ರಸಿದ್ಧ ಭಾಷಣವಿದೆ. ಒಕ್ಕೂಟದ ಪಿತಾಮಹನೆಂದು ಹೆಸರಾದ ಹೆನ್ರಿ ಪಾರ್ಕ್ಸ್ 1890ರಲ್ಲಿ ಮೆಲ್ಬರ್ನಿನಲ್ಲಿ, ಬಂಧುತ್ವದ ಕೆಂಪು ನೂಲು ನಮ್ಮೆಲ್ಲರೊಳಗೂ ಹಾದುಹೋಗಿದೆ ಎಂದಿದ್ದನು. ಹಾರ ಕಟ್ಟುವವರಿಗೆ ಗೊತ್ತು, ಹೂವು ಎಷ್ಟೇ ಚೆನ್ನಾಗಿದ್ದರೂ ಯಾವುದು ಸೂಜಿಗೆ ಸಿಕ್ಕುತ್ತದೆಯೋ ಅದಷ್ಟೇ ಹಾರಕ್ಕೆ ಬರುತ್ತದೆ. ಪಾರ್ಕ್ಸ್ ಹಿಡಿದ ನೂಲು ನೆತ್ತರಿನದು, ಬ್ರಿಟಿಷ್ ನೆತ್ತರಿನದು. ಹಾಗಾಗಿ ಆ ನೆಲದಲ್ಲಿ ಹತ್ತಾರು ಸಾವಿರ ವರ್ಷಗಳಿಂದ ಬಾಳುತ್ತಿದ್ದ ಮೂಲನಿವಾಸಿಗಳು ಅದಕ್ಕೆ ಪೋಣಿಕೆಯಾಗಲಿಲ್ಲ. ಹೊಸ ಸಂವಿಧಾನದ 127ನೆಯ ವಿಧಿ ಒಕ್ಕೂಟದ ಜನರನ್ನು ಎಣಿಸುವಾಗ ಮೂಲನಿವಾಸಿಗಳನ್ನು ಎಣಿಸತಕ್ಕದ್ದಲ್ಲ ಎಂದು ಹೇಳಿತು. ಅದೇ 1901ರಲ್ಲಿ ಹೊಸ ಸಂಸತ್ತು ಮಾಡಿದ ವಲಸೆ ನಿರ್ಬಂಧ ಕಾಯಿದೆ, ಬಿಳಿಯರಲ್ಲದವರು ಹಡಗಿನಿಂದ ಇಳಿಯುವಾಗ ಯಾವುದಾದರೂ ಐರೋಪ್ಯ ಭಾಷೆಯಲ್ಲಿ ಉಕ್ತಲೇಖನ ಬರೆಯಬೇಕೆಂಬ ನೆಪ ಒಡ್ಡಿ ಅವರನ್ನು ತಡೆಯುವ ದಾರಿ ಮಾಡಿಕೊಟ್ಟಿತು. ಆ ಮಸೂದೆಯನ್ನು ಸದನದಲ್ಲಿ ಬಲವಾಗಿ ಸಮರ್ಥಿಸಿದವರಲ್ಲಿ ಡೀಕಿನ್ ಒಬ್ಬನು. ಬೆಂಡಿಗೋದಲ್ಲಿ ಆ ಸುನೀತವನ್ನು ಹೇಳಿದ ಬಾಯಿಯೇ ಈ ಮಾತನ್ನೂ ಆಡಿತು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಆ ಕಾಯಿದೆ ನಡೆಯುತ್ತಿದ್ದ ಕಾಲವಾಗಿದ್ದರೆ ನನ್ನ ತಮ್ಮನ ಮಗಳು ಆಸ್ಪತ್ರೆಯ ವಾರ್ಡಿಗೆ ಹೋಗುವ ಮಾತು ಹಾಗಿರಲಿ, ಬಂದರಿನಿಂದ ಹೊರಗೆ ಕಾಲಿಡುತ್ತಿರಲಿಲ್ಲ.

127ನೆಯ ವಿಧಿ ರದ್ದಾದದ್ದು 1967ರ ಜನಮತದಲ್ಲಿ, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹೌದೆಂದಾಗ. ಆ ಚಳವಳಿಯಲ್ಲಿ ಊರೂರು ತಿರುಗಿದವರಲ್ಲಿ ಊಜರೂ ನೂನಕಲ್ ಎಂಬ ಮೂಲನಿವಾಸಿ ಕವಯಿತ್ರಿಯೂ ಇದ್ದರು. 1964ರಲ್ಲಿ ಬಂದ ಅವರ ಸಂಕಲನ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಮೊದಲ ಕವನಪುಸ್ತಕ. ಸುನೀತದ ಸಾಕುಮಕ್ಕಳು ಮರೆತಿದ್ದ ಹೊಟ್ಟೆಯ ಮಕ್ಕಳು ಆಗ ತಮ್ಮ ಪದ್ಯ ಬರೆದರು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಆ ದೇಶದ ರಾಷ್ಟ್ರಗೀತೆಯ ಕಥೆಯೂ ಇದೇ ಜಾಡಿನಲ್ಲಿದೆ. 1878ರಲ್ಲಿ ಮೊದಲು ಹಾಡಿದ ಆ ಗೀತೆಯಲ್ಲಿ "ಆಸ್ಟ್ರೇಲಿಯಾದ ಪುತ್ರರೇ" ಎಂದಿದ್ದದ್ದು 1984ರಲ್ಲಿ ಅದು ರಾಷ್ಟ್ರಗೀತೆಯಾದಾಗ ಎಲ್ಲ ಆಸ್ಟ್ರೇಲಿಯನ್ನರನ್ನೂ ಕರೆಯುವ ಮಾತಾಯಿತು. 2021ರ ಜನವರಿ 1ರಂದು "ನಾವು ಎಳೆಯರು, ಸ್ವತಂತ್ರರು" ಎಂಬಲ್ಲಿಯ "ಎಳೆಯರು" ಹೋಗಿ "ಒಂದು" ಎಂಬ ಪದ ಬಂದಿತು. ಅಷ್ಟು ಪ್ರಾಚೀನವಾದ ಜನವಾಸವಿರುವ ನೆಲವನ್ನು ಎಳೆಯದೆಂದು ಹಾಡುವುದು ಸರಿಯಲ್ಲವೆಂದು ಒಂದು ಪದವನ್ನು ತೆಗೆದು ಇನ್ನೊಂದನ್ನು ಇಟ್ಟರು. 1901ರಲ್ಲಿಯೇ ಒಂದಾದೆವು ಎಂದು ಸಾರಿದ್ದ ದೇಶದ ಹಾಡಿನ ಆ ಸಾಲಿಗೆ "ಒಂದು" ಎಂಬ ಮಾತು ಸೇರಲು ನೂರಿಪ್ಪತ್ತು ವರ್ಷ ಹಿಡಿಯಿತು.

ಅಮೆರಿಕದ ಹದಿಮೂರು ವಸಾಹತುಗಳ ಪದ್ಯಗಳನ್ನೂ ಸ್ವಲ್ಪ ಓದಿದೆ. ಒಂದಾದರೆ ನಿಲ್ಲುತ್ತೇವೆ, ಒಡೆದರೆ ಬೀಳುತ್ತೇವೆ ಎಂಬ ಅರ್ಥದ ಸಾಲು ಜಾನ್ ಡಿಕಿನ್ಸನ್ 1768ರಲ್ಲಿ ಬರೆದ ಸ್ವಾತಂತ್ರ್ಯಗೀತೆಯಲ್ಲಿದೆ. ಆದರೆ ನನ್ನ ಮನಸ್ಸು ನಿಂತದ್ದು ಫಿಲಿಸ್ ವೀಟ್ಲಿಯಲ್ಲಿ. ಮಗುವಾಗಿದ್ದಾಗ ಆಫ್ರಿಕದಿಂದ ಹಡಗಿನಲ್ಲಿ ತಂದು ಬಾಸ್ಟನ್ನಿನಲ್ಲಿ ಮಾರಿದ ಈ ಹೆಣ್ಣುಮಗಳು ಗುಲಾಮಗಿರಿಯಿಂದ ಬಿಡುಗಡೆಯಾದ ಎರಡೇ ವರ್ಷಕ್ಕೆ, 1775ರಲ್ಲಿ, ಜಾರ್ಜ್ ವಾಷಿಂಗ್ಟನ್ನನಿಗೆ ಒಂದು ಪದ್ಯ ಬರೆದು ಕಳುಹಿಸಿದಳು. ಆ ವಸಾಹತುಗಳೆಲ್ಲವನ್ನೂ ಕೊಲಂಬಿಯಾ ಎಂಬ ಒಬ್ಬಳೇ ದೇವಿಯಾಗಿ ಅವಳು ಅದರಲ್ಲಿ ಕಂಡಳು. ತನ್ನ ಜನರನ್ನು ಇನ್ನೂ ಸಂತೆಯಲ್ಲಿ ಮಾರುತ್ತಿದ್ದ ನಾಡಿಗೆ ರೂಪ ಕೊಟ್ಟವಳು ಅವಳು. ಆ ನಾಡು ಅವಳನ್ನು ಬಡತನದಲ್ಲಿ ಸಾಯಲು ಬಿಟ್ಟಿತು.

ಇಷ್ಟು ಓದಿದ ಮೇಲೆ ನಮ್ಮ ಪದ್ಯಗಳ ಕಡೆಗೆ ತಿರುಗಿದೆ. ಒಂದಾಗುವ ಪದ್ಯವನ್ನು ಓದುವಾಗಲೆಲ್ಲ ಈಗ ನಾನು ಮೊದಲು ನೋಡುವುದು ನೂಲನ್ನು: ಕವಿ ಯಾವುದರಿಂದ ಪೋಣಿಸುತ್ತಿದ್ದಾನೆ, ಆ ನೂಲಿಗೆ ನನ್ನಂಥವನು ಸಿಕ್ಕುತ್ತಾನೆಯೇ?

ಹನ್ನೊಂದು ನೂರು ವರ್ಷಗಳಿಗೂ ಹಿಂದೆ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳಿದ್ದನ್ನು ನಾವೆಲ್ಲ ಶಾಲೆಯಲ್ಲಿ ಕಲಿತವರೇ: "ಕಾವೇರಿಯಿಂದಮಾ ಗೋದಾವರಿವರಮಿರ್ದ ನಾಡದಾ ಕನ್ನಡದೊಳ್ ಭಾವಿಸಿದ ಜನಪದಂ." ಗೇಗೆ ಕಡಲು ಗಡಿಯಾದಂತೆ ಇಲ್ಲಿ ಎರಡು ನದಿಗಳು ಗಡಿಯಾಗಿವೆ. ಆದರೆ ಒಳಗಿರುವವರನ್ನು ಕಟ್ಟುವ ನೂಲು ನೆತ್ತರಿನದಲ್ಲ. ಕನ್ನಡದಲ್ಲಿ "ಭಾವಿಸಿದ" ಜನಪದ ಎನ್ನುತ್ತದೆ ಪದ್ಯ, ಹುಟ್ಟಿದ ಎನ್ನುವುದಿಲ್ಲ. ಆ ನಾಡವರು ಯಾರೆಂದು ಮುಂದೆ ಹೇಳುವಾಗಲೂ ಪದವರಿತು ನುಡಿಯಬಲ್ಲವರು, ನುಡಿದದ್ದನ್ನು ಅರಿತು ವಿಚಾರಿಸಬಲ್ಲವರು ಎಂದು ಬಲ್ಲತನವನ್ನು ಹೇಳುತ್ತದೆ, ಕುಲವನ್ನು ಹೇಳುವುದಿಲ್ಲ. ಅದೇ ಗ್ರಂಥದ ಇನ್ನೊಂದು ಮಾತು, "ಕಸವರಮೆಂಬುದು ನೆರೆ ಸೈರಿಸಲಾರ್ಪೊಡೆ ಪರವಿಚಾರಮಂ ಪರಧರ್ಮಮುಮಂ" ಎಂಬುದು. ಕಸವರವೆಂದರೆ ಚಿನ್ನ. ಇತರರ ವಿಚಾರವನ್ನೂ ಇತರರ ಧರ್ಮವನ್ನೂ ಚೆನ್ನಾಗಿ ಸೈರಿಸಬಲ್ಲುದೇ ನಿಜವಾದ ಚಿನ್ನ ಎಂಬ ಈ ಸಾಲನ್ನು ಚಿನ್ನದ ನೆಲದ ಮಕ್ಕಳಿಗೆ ಹೇಳಿಕೊಡುವಾಗ ನನಗೆ ಪ್ರತಿ ಸಲವೂ ಧ್ವನಿ ಸ್ವಲ್ಪ ಏರುತ್ತಿತ್ತು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದು ಸಂಸ್ಥಾನ, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರ ಮುಂದೆ ಗದುಗಿನ ಹುಯಿಲಗೋಳ ನಾರಾಯಣರಾಯರ "ಉದಯವಾಗಲಿ ನಮ್ಮ ಚೆಲುವ ಕನ್ನಡನಾಡು" 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರು ಅಧ್ಯಕ್ಷರಾಗಿದ್ದ ವೇದಿಕೆಯಲ್ಲಿ ಮೊಳಗಿತು. "ಉದಯವಾಗಲಿ" ಎಂಬ ಆ ಕ್ರಿಯಾಪದವನ್ನು ನೋಡಬೇಕು. ನಾಡು ಇದೆ ಎಂದು ಅದು ಹೇಳುವುದಿಲ್ಲ, ಆಗಲಿ ಎಂದು ಹರಸುತ್ತದೆ. "ಅವಳು ಇನ್ನೂ ಇಲ್ಲ" ಎಂದ ಸ್ಟೀಫನ್ಸನಿಗೂ ಇವರಿಗೂ ಪರಿಚಯವಿದ್ದಿರಲಾರದು, ಆದರೆ ಇಬ್ಬರೂ ನಿಂತಿರುವುದು ನಸುಕಿನ ಅದೇ ಹೊತ್ತಿನಲ್ಲಿ. ನಮ್ಮಲ್ಲಿ ಬೆಳಗಾಗಲು ಮೂವತ್ತೆರಡು ವರ್ಷ ಬೇಕಾಯಿತು. 1956ರ ನವೆಂಬರ್ 1ರಂದು ನಾಡು ಒಂದಾಯಿತು, ಆದರೂ ಹೆಸರು ಮೈಸೂರು ಎಂದೇ ಉಳಿಯಿತು. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ.

ಹಳೆಯ ಮೈಸೂರಿನ ಮಾತು ಇಲ್ಲಿಯದು. ಕೋಲಾರ ಏಕೀಕರಣಕ್ಕೆ ಮೊದಲೇ ಮೈಸೂರು ಸಂಸ್ಥಾನದ ಭಾಗವಾಗಿತ್ತು. ಕನ್ನಂಬಾಡಿ ಕಟ್ಟಿದ, ವಿದ್ಯುತ್ತು ಕಂಡ, ವಿಶ್ವವಿದ್ಯಾನಿಲಯ ಸ್ಥಾಪಿಸಿದ ಸಂಸ್ಥಾನದವರಲ್ಲಿ ಹಲವರು ಉತ್ತರದ ಬರಡು ಜಿಲ್ಲೆಗಳನ್ನು ಸೇರಿಸಿಕೊಂಡರೆ ನಮ್ಮ ಪಾಲು ಕಡಿಮೆಯಾಗುತ್ತದೆ, ನಮ್ಮ ಅಧಿಕಾರ ಕೈತಪ್ಪುತ್ತದೆ ಎಂದು ಅಂಜಿದರು. ನ್ಯೂ ಸೌತ್ ವೇಲ್ಸಿನ ಅಂಜಿಕೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ನಮ್ಮ ಹಿರಿಯರ ಈ ಅನುಮಾನವನ್ನು ಮುಚ್ಚಿಟ್ಟುಕೊಳ್ಳದೆ ಮಕ್ಕಳಿಗೆ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಏಕೀಕರಣಕ್ಕಾಗಿ ದುಡಿದ ಧಾರವಾಡ, ಗದಗ, ಬೆಳಗಾವಿಯವರ ದೊಡ್ಡತನ ತಿಳಿಯುವುದು ಆಗಲೇ.

ಹಳೆಯ ಮೈಸೂರಿನೊಳಗಿದ್ದುಕೊಂಡೇ ಆ ಅಂಜಿಕೆಗೆ ಉತ್ತರ ಕೊಟ್ಟವರು ಕುವೆಂಪು. ಅಖಂಡ ಕರ್ನಾಟಕವೆಂಬುದು ನಾಲ್ಕು ದಿನದ ರಾಜಕೀಯ ನಾಟಕವಲ್ಲ ಎಂದು ಅವರು ಗುಡುಗಿದ ಪದ್ಯದಲ್ಲಿ ಒಂದು ಮಂತ್ರಿಮಂಡಲವೇ ಇದೆ. ನೃಪತುಂಗ ಅಲ್ಲಿ ಚಕ್ರವರ್ತಿ, ಪಂಪ ಮುಖ್ಯಮಂತ್ರಿ. ರನ್ನ, ಜನ್ನ, ಹರಿಹರ, ರಾಘವಾಂಕ, ಬಸವೇಶ್ವರ, ನಾರಣಪ್ಪ, ಸರ್ವಜ್ಞರೆಲ್ಲ ಸರಸ್ವತಿಯೇ ರಚಿಸಿದ ನಿತ್ಯ ಸಚಿವಮಂಡಲದಲ್ಲಿದ್ದಾರೆ. ಯಾವ ಜಿಲ್ಲೆ ಯಾವ ಪ್ರಾಂತಕ್ಕೆ ಸೇರಿದ್ದರೂ ಈ ಸರಕಾರ ಬೀಳುವುದಿಲ್ಲ, ಏಕೆಂದರೆ ಇದು ಚುನಾವಣೆಗೆ ನಿಲ್ಲುವುದೇ ಇಲ್ಲ. ಇದೇ ಕುವೆಂಪು ನಮ್ಮ ನಾಡಗೀತೆಯಲ್ಲಿ ಕರ್ನಾಟಕವನ್ನು "ಭಾರತ ಜನನಿಯ ತನುಜಾತೆ" ಎಂದು ಕರೆದರು. ಒಕ್ಕೂಟವೊಂದರಲ್ಲಿ ರಾಜ್ಯಕ್ಕೂ ದೇಶಕ್ಕೂ ಇರುವ ಸಂಬಂಧವನ್ನು ಹೇಳಲು ಸಂವಿಧಾನದ ಪಟ್ಟಿಗಳನ್ನು ಹಿಡಿದು ನಾನು ಒಂದು ಪಾಠದ ಅವಧಿಯನ್ನೆಲ್ಲ ತೆಗೆದುಕೊಳ್ಳುತ್ತಿದ್ದೆ. ಅವರು ತಾಯಿಯಾಗಿರುವವಳೇ ಇನ್ನೊಬ್ಬ ತಾಯಿಗೆ ಮಗಳೂ ಆಗಿದ್ದಾಳೆ ಎಂದು ಒಂದೇ ಪದದಲ್ಲಿ ಹೇಳಿಬಿಟ್ಟರು. ಆ ಗೀತೆಯ "ಸರ್ವ ಜನಾಂಗದ ಶಾಂತಿಯ ತೋಟ" ಎಂಬ ಮಾತಿನಲ್ಲಿ ನೂಲಿನ ಪ್ರಶ್ನೆಯೇ ಇಲ್ಲವಾಗುತ್ತದೆ. ತೋಟದ ಗಿಡಗಳನ್ನು ಯಾರೂ ಪೋಣಿಸುವುದಿಲ್ಲ. ಒಂದೇ ನೆಲ, ಒಂದೇ ನೀರು ಸಿಕ್ಕರೆ ಅವು ತಮ್ಮ ತಮ್ಮ ಹೂ ಬಿಡುತ್ತವೆ.

ಸಾಕುಮಕ್ಕಳು ಎಂದು ಗೇ ಬಳಸಿದ ಪದವನ್ನು ಕನ್ನಡಕ್ಕೆ ತರುವಾಗ ನಾನು ಲೇಖನಿ ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟಿದ್ದೆ. ಸ್ಕಾಟ್ಲೆಂಡಿನಿಂದ ಬಂದ ಆ ರೋಗಿಗೆ ತಾನು ಆ ನೆಲದ ಹೊಟ್ಟೆಯ ಮಗನಲ್ಲವೆಂದು ಗೊತ್ತಿತ್ತು, ಆದರೂ ಅವಳನ್ನು ತಾಯಿ ಎನ್ನುವ ಹಕ್ಕು ತನಗಿದೆ ಎಂದು ಅವನು ನಂಬಿದ್ದನು. ಅಷ್ಟಕ್ಕೇ ನಿಲ್ಲಿಸಿ, ನೆತ್ತರಿನ ಮಾತನ್ನು ಬಿಟ್ಟಿದ್ದರೆ ಆ ಪದ್ಯ ಎಷ್ಟು ದೊಡ್ಡದಾಗುತ್ತಿತ್ತು! ಸಾಕುವುದಕ್ಕೆ ನೆತ್ತರು ಬೇಕಿಲ್ಲ, ಉಣಿಸುವ ಕೈ ಸಾಕು. ನನ್ನನ್ನೂ ಕನ್ನಡ ಸಾಕಿದೆ. ನಮ್ಮದೇ ಜಿಲ್ಲೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು, ಕನ್ನಡ ಸಣ್ಣಕಥೆ ಅವರನ್ನು ತನ್ನ ಹಿರಿಯ ಮಗನೆಂದು ಎಣಿಸುತ್ತದೆ. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. ಕನ್ನಡದ ಮನೆಯಲ್ಲಿ ಹೊಟ್ಟೆಯ ಮಗ ಯಾರು, ಸಾಕುಮಗ ಯಾರು ಎಂದು ವಿಂಗಡಿಸಲು ಹೊರಟರೆ ಊಟದ ಪಂಕ್ತಿಯಲ್ಲಿ ಅರ್ಧ ಎಲೆಗಳು ಖಾಲಿಯಾಗುತ್ತವೆ. ನೆತ್ತರಿನ ನೂಲಿನಿಂದ ಏಕೀಕರಣದ ಹಾರ ಕಟ್ಟಿದ್ದರೆ ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿಗಳ ಎಷ್ಟೋ ಮನೆಗಳು ಬುಟ್ಟಿಯಲ್ಲಿಯೇ ಉಳಿಯುತ್ತಿದ್ದವು.

ಈ ವರ್ಷ ರಾಜ್ಯೋತ್ಸವಕ್ಕೆ ಹತ್ತಿರದ ಶಾಲೆಯೊಂದರ ಮಕ್ಕಳಿಗೆ ಪದ್ಯ ಕಲಿಸುವ ಕೆಲಸ ನನಗೆ ಬಂದಿತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಕವಿರಾಜಮಾರ್ಗದ ಸಾಲುಗಳನ್ನು ಹೇಳಬೇಕೆಂದು ಗೊತ್ತುಮಾಡಿದ್ದೆವು. ನಾಲ್ಕು ದಿನವೂ ಅವಳು "ಭಾವಿಸಿದ" ಎಂಬಲ್ಲಿಗೆ ಬಂದು ತಡೆಯುತ್ತಿದ್ದಳು. ಹಳಗನ್ನಡದ ಕಷ್ಟವೆಂದು ತಿಳಿದು ನಾನು ಮತ್ತೆ ಮತ್ತೆ ಉಚ್ಚಾರಣೆ ಹೇಳಿಕೊಟ್ಟೆ. ಐದನೆಯ ದಿನ ಅವಳು ಮೆಲ್ಲಗೆ ತೆಲುಗಿನಲ್ಲಿ, ಈ ಪದದ ಅರ್ಥವೇನು ಸಾರ್ ಎಂದು ಕೇಳಿದಳು. ನಾನೂ ತೆಲುಗಿನಲ್ಲಿಯೇ ಉತ್ತರ ಕೊಟ್ಟೆ: ಭಾವಿಂಚಿನ, ಅಂದರೆ ಮನಸ್ಸಿನಲ್ಲಿ ಹೀಗೆಂದು ಕಂಡುಕೊಂಡ. ಅದು ನಮ್ಮ ಮನೆಯಲ್ಲೂ ಆಡುವ ಮಾತೇ ಎಂದು ಅವಳ ಕಣ್ಣು ಅರಳಿದವು. ಆಮೇಲೆ ಕಾವೇರಿಯಿಂದ ಹಿಡಿದು ಗೋದಾವರಿಯವರೆಗೆ ಒಂದೇ ಉಸಿರಿನಲ್ಲಿ, ಎಲ್ಲಿಯೂ ನಿಲ್ಲದೆ ಹೇಳಿದಳು.